ಪುಟ್ಟಿ ಆಡಿಸ್ ಅಬಾಬಾಕ್ಕೆ ಬರುವ ಮುಂಚೆ

ಅತ್ತಿಗೆ, ನೀವು ನಿನ್ನೆ ಗ್ರೂಪ್‌ನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಪುಟ್ಟಿಗೆ ಇಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದೆ, ಊಟಕ್ಕೆ ಏನು ಗತಿ, ಒಬ್ಬಳೇ ಹೇಗಿರುತ್ತಾಳೆ ಅಂತ ಕೇಳಿದ್ದೀರಿ. ತುಂಬಾ ಖುಷಿ ಆಯ್ತು. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಕೆಲಸ ಮಾಡುತ್ತಾ ಕೇಳಿ.

ಮಾವ ಆಗಲೇ ಇಥಿಯೋಪಿಯಾದ ಗಲಾಟೆಗಳ ಬಗ್ಗೆ ಒಂದಷ್ಟು ಫಾರ್ವರ್ಡ್ ಹಾಕಿದ್ದಾರೆ. ಅದು ಸುಳ್ಳು ಅಂತ ನಾನು ಹೇಳಲ್ಲ. ಊರಾಚೆ ಪ್ರಯಾಣ ಹೊರಡುವ ಮುಂಚೆ ವಿಚಾರಿಸಿಕೊಂಡೇ ಹೋಗಬೇಕು. ಆದರೆ ದಿನದಿನದ ಬದುಕಿನಲ್ಲಿ ಇಲ್ಲಿ ತಲೆ ತಿರುಗಿಸುವುದು ಅಂಥ ದೊಡ್ಡ ವಿಷಯಗಳಲ್ಲ. ಗಂಟೆ ಎಷ್ಟು, ಇವತ್ತು ಎಷ್ಟನೇ ತಾರೀಖು, ನಿನ್ನ ಹೆಸರೇನು? ಈ ಮೂರಕ್ಕೆ ಉತ್ತರ ಗೊತ್ತು ಅಂದುಕೊಂಡು ಬರುತ್ತೇವಲ್ಲ, ಅಲ್ಲೇ ಶುರು.

ಗಂಟೆಯಿಂದಲೇ ಹೇಳುತ್ತೇನೆ. ಇಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಿಗ್ಗೆ ಏಳು ಅಂದರೆ ಇವರ ಒಂದು ಗಂಟೆ. ಎಂಟು ಅಂದರೆ ಎರಡು. ಮಧ್ಯಾಹ್ನದ ಹನ್ನೆರಡು ಇವರಿಗೆ ಆರು. ಸಂಜೆ ಏಳಕ್ಕೆ ಮತ್ತೆ ಒಂದು. ಇದೇ ದೇಶದ ಲೆಕ್ಕ, ಎಲ್ಲರೂ ಹೀಗೇ ಮಾತಾಡುತ್ತಾರೆ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ ವರ್ಷವಿಡೀ ಬೆಳಕು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತೆ, ಹಾಗಾಗಿ ಲೆಕ್ಕ ಸರಿಯಾಗಿಯೇ ಕೂರುತ್ತೆ. ಯೋಚನೆ ಮಾಡಿದರೆ ನಮ್ಮದಕ್ಕಿಂತ ಇದೇ ನ್ಯಾಯವಾಗಿದೆ ಅನ್ನಿಸುತ್ತೆ. ನಡುರಾತ್ರಿ ಎಲ್ಲರೂ ಮಲಗಿರುವಾಗ ದಿನ ಬದಲಾಗುವುದರಲ್ಲಿ ಏನರ್ಥ ಇದೆ ಹೇಳಿ? ಆದರೆ ವಿದ್ಯಾರ್ಥಿ ಬಂದು ಮೂರು ಗಂಟೆಗೆ ಸಿಗ್ತೀರಾ ಅಂದಾಗ, ಹಬೆಶಾ ಟೈಮಾ ಫೆರೆಂಜಿ ಟೈಮಾ ಅಂತ ಕೇಳಲೇಬೇಕು. ಹಬೆಶಾ ಅಂದರೆ ಅವರು, ಫೆರೆಂಜಿ ಅಂದರೆ ಹೊರಗಿನವರು. ಪುಟ್ಟಿಗೆ ಈ ಒಂದು ಪ್ರಶ್ನೆ ಕಲಿಸಿ ಕಳಿಸಿ, ಸಾಕು. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ಎಲ್ಲ ಕಡೆ ಇರುವ ಸಮಯವೇ ಇರುತ್ತೆ.

ತಾರೀಖಿನ ಕಥೆ ಇನ್ನೂ ಮಜಾ. ಇಲ್ಲಿ ವರ್ಷಕ್ಕೆ 13 ತಿಂಗಳು. 30 ದಿನದ 12 ತಿಂಗಳು, ಕೊನೆಗೆ ಪಗುಮೆ ಅಂತ ಐದು ದಿನದ ಒಂದು ಪುಟ್ಟ ತಿಂಗಳು, ನಾಲ್ಕು ವರ್ಷಕ್ಕೊಮ್ಮೆ ಆರು ದಿನ. ತಿಂಗಳು 13 ಇದ್ದರೂ ಸಂಬಳ 12 ಸಲವೇ, ಆಸೆ ಪಡಬೇಡಿ. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. ಇಡೀ ಜಗತ್ತು 2000 ಬಂತು ಅಂತ ಪಟಾಕಿ ಹೊಡೆದು ಮುಗಿಸಿದ ಮೇಲೆ, ಇವರು ತಮ್ಮ 2000ವನ್ನು 2007ರ ಸೆಪ್ಟೆಂಬರ್ 12ಕ್ಕೆ ಜೋರಾಗಿ ಮಾಡಿದರು. ನಮ್ಮ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿ 2018 ಶುರುವಾಯಿತು. ನನ್ನ ವಯಸ್ಸು ಕೇಳಿದವರಿಗೆ ನಾನೂ ಈಗ ಇಲ್ಲಿನ ಇಸವಿಯಲ್ಲೇ ಉತ್ತರ ಕೊಡುತ್ತೇನೆ, ಏಳು ವರ್ಷ ಉಳಿತಾಯ!

ಇನ್ನು ಹೆಸರು. ಇಲ್ಲಿ ಮನೆತನದ ಹೆಸರು ಅನ್ನುವುದಿಲ್ಲ. ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಬೇಕಿದ್ದರೆ ತಾತನ ಹೆಸರು. ಹಾಜರಿ ಪಟ್ಟಿಯಲ್ಲಿ ಪ್ರತಿಯೊಂದು ಮಗುವಿನ ಪಕ್ಕ ಮೂರು ತಲೆಮಾರು ಸಾಲಾಗಿ ನಿಂತಿರುತ್ತೆ. ಮದುವೆಯಾದರೂ ಹೆಂಗಸರ ಹೆಸರು ಬದಲಾಗಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ನಮ್ಮ ಯಜಮಾನರ ಹೆಸರಿದೆಯಲ್ಲ, ಬ್ಯಾಂಕಿನ ಹುಡುಗಿ ಅದನ್ನು ನೋಡಿ ನಿಮ್ಮ ತಂದೆಯೂ ಇಲ್ಲೇ ಇದ್ದಾರಾ ಅಂದಳು. ಇವರು ಪಕ್ಕದಲ್ಲೇ ನಿಂತಿದ್ದರು. ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಆಫೀಸಿನ ಒಂದು ಫಾರಂನಲ್ಲಿ ತಾತನ ಹೆಸರು ಬರೆಯಲೇಬೇಕಾಯಿತು. ಹಾಗಾಗಿ ನಮ್ಮ ಅಜ್ಜ, ಜೀವಮಾನದಲ್ಲಿ ಹಡಗು ವಿಮಾನ ಯಾವುದನ್ನೂ ಹತ್ತದವರು, ಈಗ ಆಫ್ರಿಕಾದ ಒಂದು ಕಡತದಲ್ಲಿ ಕೂತಿದ್ದಾರೆ. ಅಣ್ಣನಿಗೆ ಇದನ್ನು ಹೇಳಿ, ನಗುತ್ತಾನೆ. ಎಷ್ಟೇ ದೊಡ್ಡ ಪ್ರೊಫೆಸರ್ ಆದರೂ ಇಲ್ಲಿ ಕರೆಯುವುದು ಸ್ವಂತ ಹೆಸರು ಹಿಡಿದೇ. ಪಿಎಚ್‌ಡಿ ಆಗಿದ್ದರೆ ಮುಂದೆ ಡಾಕ್ಟರ್ ಸೇರಿಸುತ್ತಾರೆ, ಅಷ್ಟೇ. ಪುಟ್ಟಿ ಅದನ್ನು ಸಲಿಗೆ ಅಂದುಕೊಳ್ಳುವುದು ಬೇಡ.

ಕ್ಲಾಸಿನ ವಿಷಯಕ್ಕೆ ಬರುತ್ತೇನೆ, ಇದು ಮುಖ್ಯ. ಪಾಠವೆಲ್ಲ ಇಂಗ್ಲಿಷಿನಲ್ಲೇ. ಆದರೆ ಮಕ್ಕಳು ಪ್ರೈಮರಿಯಲ್ಲಿ ತಂತಮ್ಮ ಭಾಷೆಯಲ್ಲಿ ಓದಿ ಬಂದಿರುತ್ತಾರೆ. ಅದಕ್ಕೆ ನಿಧಾನವಾಗಿ ಮಾತಾಡಬೇಕು, ಬೋರ್ಡಿನ ಮೇಲೆ ಜಾಸ್ತಿ ಬರೆಯಬೇಕು. ಮೊದಲ ವಾರ ನಾನು ಅರ್ಥ ಆಯ್ತಾ ಅಂತ ಕೇಳಿದಾಗಲೆಲ್ಲ ಮುಂದಿನ ಬೆಂಚಿನಿಂದ ಹಾಂ... ಅಂತ ಉಸಿರು ಒಳಗೆ ಎಳೆದುಕೊಂಡ ಸದ್ದು. ಯಾರೋ ಹಾವು ಕಂಡು ಬೆಚ್ಚಿದ ಹಾಗೆ. ಏನಾಯ್ತಪ್ಪಾ, ನಾನೇನಾದರೂ ಅನ್ನಬಾರದ್ದು ಅಂದೆನಾ ಅಂತ ಗಾಬರಿ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಎಲ್ಲರೂ ನಕ್ಕರು. ಅದು ಇಲ್ಲಿನ ಹೌದು. ಫೋನಿನಲ್ಲೂ ಹಾಗೇ ಮಾಡುತ್ತಾರೆ. ಈಗ ನನಗೂ ಅಂಟಿಕೊಂಡಿದೆ, ಹೋದ ವಾರ ಅಮ್ಮನ ಜೊತೆ ಮಾತಾಡುವಾಗ ಹಾಗೆ ಮಾಡಿದೆ, ಅವರು ಎದೆ ನೋವಾ ಅಂತ ಹೆದರಿದರು!

ಕೈ ಕುಲುಕುವಾಗ ಮಕ್ಕಳು ಬಲಗೈ ಕೊಟ್ಟು ಎಡಗೈಯಲ್ಲಿ ಅದೇ ತೋಳನ್ನು ಹಿಡಿದುಕೊಳ್ಳುತ್ತಾರೆ. ಅದು ಮರ್ಯಾದೆ. ತುಂಬಾ ಪ್ರೀತಿ ಇದ್ದವರು ಭುಜಕ್ಕೆ ಭುಜ ತಾಗಿಸುತ್ತಾರೆ.

ಊಟ, ಊಟ ಅಂತ ನೀವು ಎರಡು ಸಲ ಬರೆದಿದ್ದೀರಿ, ಗೊತ್ತು. ಇದರಲ್ಲೇ ನನಗೆ ಎಲ್ಲಕ್ಕಿಂತ ಒಳ್ಳೆಯ ಆಶ್ಚರ್ಯ ಆಗಿದ್ದು. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ 55 ದಿನ ಬೇರೆ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಹಾಗಾಗಿ ಹೋಟೆಲಿನಲ್ಲಿ ವೆಜಿಟೇರಿಯನ್ ಅಂತ ವಿವರಿಸುತ್ತಾ ಕೂರುವ ಅಗತ್ಯವೇ ಇಲ್ಲ. ಯೆಸೋಮ್ ಬೆಯಾಯ್ನೆತು ಅಂದರೆ ಸಾಕು, ಇಂಜೆರಾ ಅನ್ನುವ ದೊಡ್ಡ ದೋಸೆಯಂಥದರ ಮೇಲೆ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟ್ ಎಲ್ಲ ಗುಡ್ಡೆ ಗುಡ್ಡೆಯಾಗಿ ಬರುತ್ತೆ. ಇಂಜೆರಾ ಮಾಡುವುದು ಟೆಫ್ ಅನ್ನುವ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ. ಹುಳಿ ಸ್ವಲ್ಪ ಜೋರು, ಆದರೆ ರೂಢಿಯಾಗುತ್ತೆ. ಒಂದು ಮಾತು, ಉಪವಾಸದ ದಿನವೂ ಕೆಲವರು ಮೀನು ತಿನ್ನುತ್ತಾರೆ. ಅದನ್ನು ಮಾತ್ರ ಕೇಳಿಕೊಳ್ಳಬೇಕು. ಕಷ್ಟ ಇರುವುದು ಈಸ್ಟರ್ ಆದ ಮೇಲಿನ ವಾರಗಳಲ್ಲಿ, ಆಗ ಎಲ್ಲೆಲ್ಲೂ ಮಾಂಸವೇ. ಇನ್ನೊಂದು, ಜೊತೆಗೆ ಕೂತವರು ಪ್ರೀತಿಯಿಂದ ತುತ್ತು ಮಾಡಿ ನೇರ ಬಾಯಿಗೇ ಇಡುತ್ತಾರೆ, ಗುರ್ಶಾ ಅಂತ. ಎಂಜಲು ಗಿಂಜಲು ಅಂತ ಹಿಂದೆ ಸರಿದರೆ ಬೇಜಾರಾಗುತ್ತಾರೆ. ಇದನ್ನು ಅತ್ತೆಗೆ ಹೇಳಬೇಡಿ.

ಕಾಫಿ ಬಗ್ಗೆ ಹೇಳಹೊರಟರೆ ಮುಗಿಯಲ್ಲ. ಎದುರಿಗೇ ಬೀಜ ಹುರಿದು, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಮೂರು ಸುತ್ತು ಕೊಡುತ್ತಾರೆ. ಮೂರನೆಯದರ ಹೆಸರು ಬರಕಾ, ಆಶೀರ್ವಾದ. ಮೊದಲ ಕಪ್ಪಿಗೇ ಎದ್ದು ಹೊರಡುವಂತಿಲ್ಲ. ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ.

ಹಾಂ, ಅಕ್ಷರ. ಇಲ್ಲಿ ಆಡುವ ಅಂಹರಿಕ್ ಭಾಷೆಯ ಲಿಪಿ ನೋಡಿದರೆ ಹೆದರಿಕೆ ಆಗುತ್ತೆ. ಆದರೆ ಒಂದೊಂದು ಅಕ್ಷರಕ್ಕೂ ಏಳು ಸ್ವರ ಸೇರಿ ಏಳು ರೂಪ, ಥೇಟ್ ನಮ್ಮ ಕಾಗುಣಿತದ ಹಾಗೆ. ನನ್ನ ಜೊತೆ ಬಂದ ಬೇರೆ ದೇಶದವರು ಒದ್ದಾಡುತ್ತಿದ್ದರು, ನಾನು ಬೇಗ ಅಂಗಡಿ ಬೋರ್ಡು ಓದುತ್ತಿದ್ದೆ. ಅರ್ಥ ಏನೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಒಬ್ಬಳೇ ಹೇಗಿರುತ್ತಾಳೆ ಅಂದಿರಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1974ಕ್ಕೆ ಮುಂಚೆ, ಇಲ್ಲಿನ ಹೈಸ್ಕೂಲುಗಳಲ್ಲಿ ಪಾಠ ಮಾಡಲು ಭಾರತದಿಂದ ತುಂಬಾ ಮೇಷ್ಟ್ರುಗಳು ಬಂದಿದ್ದರು. ಇವತ್ತಿಗೂ ನೀಲಿ ಮಿನಿಬಸ್ಸಿನಲ್ಲಿ ಪಕ್ಕ ಕೂತ ವಯಸ್ಸಾದವರು ನನ್ನ ಮುಖ ನೋಡಿ ಇಂಡಿಯಾನಾ, ಟೀಚರಾ ಅಂತ ಕೇಳುತ್ತಾರೆ. ಹೌದು ಅಂದರೆ ತಮ್ಮ ಲೆಕ್ಕದ ಮೇಷ್ಟ್ರ ಕಥೆ ಶುರು. ಎಷ್ಟು ಹೊಡೆಯುತ್ತಿದ್ದರು ಅನ್ನುವುದನ್ನೂ ಸೇರಿಸಿ! ನಾವು ನೋಡಿಯೇ ಇರದ ಯಾರೋ ಗಳಿಸಿಟ್ಟ ಮರ್ಯಾದೆ ನಮಗೆ ಸಿಗುತ್ತೆ ಅತ್ತಿಗೆ. ಜೊತೆಗೆ ನಾನೂ ಇದ್ದೇನಲ್ಲ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆಫ್ರಿಕಾ ಅಂತ ಬರೀ ಹತ್ತಿ ಬಟ್ಟೆ ತುಂಬಬೇಡಿ. ಈ ಊರು ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಳಿ. ಎರಡು ದಪ್ಪ ಸ್ವೆಟರ್ ಇರಲಿ. ಮೊದಲು ಸ್ವಲ್ಪ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ಗಾಬರಿ ಬೇಡ. ನೀರು ಇಲ್ಲಿ 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತೆ. ಕುಕ್ಕರ್ ಬೇಕೇ ಬೇಕು, ಒಂದು ಗ್ಯಾಸ್ಕೆಟ್ ಜಾಸ್ತಿ ಹಾಕಿ.

ಮತ್ತೆ ಪುಟ್ಟಿಯ ಕೆಲಸದ ಲೆಟರ್ ಇದೆಯಲ್ಲ, ಅದರಲ್ಲಿ ಸೇರುವ ತಾರೀಖಿನ ಪಕ್ಕ ಇ.ಸಿ. ಅಂತಿದೆಯಾ ಜಿ.ಸಿ. ಅಂತಿದೆಯಾ ನೋಡಿ. ಇ.ಸಿ. ಅಂದರೆ ಇಥಿಯೋಪಿಯಾದ್ದು, ಜಿ.ಸಿ. ಅಂದರೆ ನಾವು ಬಳಸುವುದು. ಟಿಕೆಟ್ ಮಾಡಿಸುವ ಮುಂಚೆ ಅದರ ಫೋಟೋ ನನಗೆ ಕಳಿಸಿ. ಗ್ರೂಪ್‌ಗೆ ಬೇಡ, ನನ್ನ ನಂಬರಿಗೇ ಹಾಕಿ.