ಸಮಸ್ಯೆ: ಮೂಡಲಲ್ಲಿ ಸೂರ್ಯ ಮುಳುಗಿದ್ದು ಹೇಗೆ?

ಡೊಂಬಿವಲಿ ಮಾಮ: ಈ ವಾರದ ಸಮಸ್ಯೆ ತಗೊಳ್ಳಿ.

*ಮೂಡಲಲಿ ಮುಳುಗಿದನು ಸಂಜೆನೇಸರನು*

ಇದು ನಾಲ್ಕನೇ ಸಾಲು. ಇದಕ್ಕೆ ಅರ್ಥ ಕೂಡುವ ಹಾಗೆ ಮೊದಲ ಮೂರು ಸಾಲು ನೀವು ಕಟ್ಟಬೇಕು, ಅದೇ ಪೂರಣ. ಐದು ಮಾತ್ರೆಯ ಗಣ, ‘ಡ’ ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಡಕಾರ. ವಿಷಯ, ಸಂಜೆಬಿಸಿಲಿನ ಹಳೇ ಕೋಟೆಯ ಚಿತ್ರ. ಯುರೋಪಿನ ರೊಮ್ಯಾಂಟಿಕ್ ಕಲಾವಿದರು ಬರೆಯುತ್ತಿದ್ದರಲ್ಲ, ಆ ಥರದ್ದು. ಪಾಳುಗೋಪುರ, ಕೆಂಪು ಆಕಾಶ, ಮೂಲೆಯಲ್ಲಿ ಇರುವೆಯಷ್ಟು ಮನುಷ್ಯ.

ಮೀರಾರೋಡ್ ಅಕ್ಕ:

*ಗೋಡೆಯಿದು ಪೂರ್ವಕ್ಕೆ, ಮೊಳೆಹೊಡೆದು ತೂಗಿಸಿದೆ*
*ಕೋಡುಗಲ್ಲಿನ ಕೋಟೆ ಬರೆದಿರುವ ಪಟವ;*
*ನೋಡುತಿರುವಾಗಲೇ ಲೈಟಾರಿ ಕತ್ತಲಲಿ*
*ಮೂಡಲಲಿ ಮುಳುಗಿದನು ಸಂಜೆನೇಸರನು!*

ವಸಯಿ ಹುಡುಗ: ಅಕ್ಕಾ, ಮುಂಬಯಿಯಲ್ಲಿ ಕರೆಂಟ್ ಹೋಗುವುದುಂಟಾ? 2020ರ ಅಕ್ಟೋಬರ್ 12 ಬಿಟ್ಟರೆ ನನಗೆ ನೆನಪೇ ಇಲ್ಲ.

ಮೀರಾರೋಡ್ ಅಕ್ಕ: ನಮ್ಮ ಬಿಲ್ಡಿಂಗಿಗೆ ಬನ್ನಿ ಮಾರಾಯ್ರೆ, ತೋರಿಸುತ್ತೇನೆ.

ಡೊಂಬಿವಲಿ ಮಾಮ: ಪೂರಣ ಒಪ್ಪಿದೆ. ಲೈಟು ಆರಿಸಿ ಸೂರ್ಯನನ್ನು ಮುಳುಗಿಸಿದ್ದು ಜೋರಾಗಿದೆ. ಆದರೆ ಕೋಟೆ ತೆಗೆದು ಎಮ್ಮೆ ನಿಲ್ಲಿಸಿದರೂ ಪದ್ಯ ನಡೆಯುತ್ತದೆ, ಅಲ್ವಾ?

ವಸಯಿ ಹುಡುಗ: ಹಾಗಾದರೆ ಕೋಟೆ ತೆಗೆಯಲಾಗದ ಪದ್ಯ ಕೊಡುತ್ತೇನೆ ಮಾಮಾ.

*ನಾಡಗಲ ಮೆರೆದಿದ್ದ ಪೋರ್ಚುಗಲ್ ದೊರೆತನದ*
*ಬೀಡು ವಸಯಿಯ ಕೋಟೆ ಕಡಲದಂಡೆಯಲಿ*
*ಕಾಡಿ ಮುತ್ತಿದ ಚಿಮಾಜಪ್ಪನಿಗೆ ಮಣಿದಾಗ*
*ಮೂಡಲಲಿ ಮುಳುಗಿದನು ಸಂಜೆನೇಸರನು.*

ಲಿಸ್ಬನ್ನಿನಲ್ಲಿ ನಿಂತು ನೋಡಿ, ನಾವೇ ಮೂಡಲು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾ ವಸಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1739ರ ಮೇ ತಿಂಗಳಲ್ಲಿ ಮರಾಠರ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಗೆದ್ದ. ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ಸಿಡಿಸಿದ್ದರು. ಒಳಗೆ ಸೂರಿಲ್ಲದ ಇಗರ್ಜಿಗಳು ಈಗಲೂ ನಿಂತಿವೆ. ಸಂಜೆ ಹೋದರೆ ಮಾಮನ ಚಿತ್ರವೇ. ಮೂಲೆಯ ಮನುಷ್ಯ ಮಾತ್ರ ಕ್ರಿಕೆಟ್ ಆಡುತ್ತಿರುತ್ತಾನೆ.

ಮೀರಾರೋಡ್ ಅಕ್ಕ: ಚಂದ ಇದೆ. ಆದರೆ ಗೋವಾ 1961ರ ಡಿಸೆಂಬರ್‌ವರೆಗೂ ಅವರ ಕೈಯಲ್ಲೇ ಇತ್ತಲ್ಲ? 222 ವರ್ಷ ಮುಳುಗುತ್ತಲೇ ಇದ್ದನಾ ನಿನ್ನ ನೇಸರ?

ವಸಯಿ ಹುಡುಗ: ಸಂಜೆ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ.

ಪುಣೆ ಪುಟ್ಟಿ: ಇತಿಹಾಸ ಸಾಕು. ನಾವು ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋಗಿದ್ದೆವು.

*ಜೋಡಿಯಲಿ ಕೋಟೆಯೆದುರಲಿ ತೆಗೆದ ಸೆಲ್ಫಿಯನು*
*ನೋಡಿದರೆ ಎಡಬಲವು ತಿರುಗುಮುರುಗಣ್ಣ!*
*ಮೋಡಿಯಿದು ಫೋನಿನಲಿ ಅಡಗಿರುವ ಕನ್ನಡಿಯ,*
*ಮೂಡಲಲಿ ಮುಳುಗಿದನು ಸಂಜೆನೇಸರನು.*

ಡೊಂಬಿವಲಿ ಮಾಮ: ಗಣ ಸರಿ, ಪ್ರಾಸ ಸರಿ, ತರ್ಕವೂ ಸರಿ. ಕುಂಚ ಹಿಡಿದವರೇ ಕಾಣಲಿಲ್ಲ ಪುಟ್ಟಿ. ನನ್ನ ಓಟು ವಸಯಿಗೆ. ಅಲ್ಲಿ ಕೋಟೆ ಬಿದ್ದರೇ ಸೂರ್ಯ ಮುಳುಗುವುದು. ಮುಂದಿನ ಸಾಲು ನೀನೇ ಕೊಡಪ್ಪ, ಸುಲಭದ ಪ್ರಾಸ ಬೇಡ.