ಬಿಸಿಯಾದ ಮೇಲೆ ನಡುಗುವ ಎಂಜಿಬಿ: ಮೇಸ್ತ್ರಿಗಳೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಹಳೆಯ ಕಾರುಗಳ ನಮ್ಮ ಬಳಗದಲ್ಲಿ ಇಂದು ಮೈಸೂರಿನ ಮೇಸ್ತ್ರಿಗಳು ಉತ್ತರಿಸಲಿದ್ದಾರೆ. ಅವರು ನಲವತ್ತು ವರ್ಷ ಅಂಬಾಸಿಡರ್ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿದವರು. ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನೂ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಾದ ಎಂಜಿಬಿಯ 1798 ಸಿ.ಸಿ. ಇಂಜಿನ್ನೂ ಬ್ರಿಟಿಷ್ ಮೋಟರ್ ಕಾರ್ಪೊರೇಶನ್ನಿನ (ಬಿಎಂಸಿ) ಬಿ-ಸೀರೀಸ್ ಎಂಬ ಒಂದೇ ಮನೆತನದವು. ಪ್ರಶ್ನೆಯ ಜೊತೆಗೆ ಕಾರು ಮತ್ತು ಊರನ್ನು ತಿಳಿಸಬೇಕಾಗಿ ವಿನಂತಿ.

ಎಂಜಿಬಿ 1972, ಲೆಸ್ಟರ್: ಮೇಸ್ತ್ರಿಗಳಿಗೆ ನಮಸ್ಕಾರ. ನನ್ನ ಕಾರು ಬೆಳಿಗ್ಗೆ ಚೋಕ್ ಎಳೆದೊಡನೆ ಸ್ಟಾರ್ಟ್ ಆಗಿ ಮೊದಲ ಹತ್ತು ನಿಮಿಷ ಸರಾಗವಾಗಿ ಓಡುತ್ತದೆ. ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ಮಿಸ್ಸಿಂಗ್ (ಸಿಲಿಂಡರ್ ಆಗಾಗ ಉರಿಯದೆ ಲಯ ತಪ್ಪುವುದು) ಶುರುವಾಗಿ ಸ್ಟಿಯರಿಂಗ್ ಕೂಡ ನಡುಗುತ್ತದೆ. 2,500 ಆರ್‌ಪಿಎಂ ದಾಟಿದರೆ ನಡುಕ ಬಹುಮಟ್ಟಿಗೆ ಅಡಗುತ್ತದೆ. ಎರಡೂ ಎಸ್‌ಯು ಕಾರ್ಬ್ಯುರೇಟರ್‌ಗಳಿಗೆ ಹೊಸ ಜೆಟ್, ಹೊಸ ಸೂಜಿ ಹಾಕಿಸಿದ್ದೇನೆ. ಪ್ಲಗ್, ಪ್ಲಗ್ ವೈರ್, ಕಾಯಿಲ್, ಕಂಡೆನ್ಸರ್ ಎಲ್ಲವೂ ಹೊಸವು. ದಿನವೂ ಮೋಟರ್‌ವೇಯಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಇಂಜಿನ್ನಿನ ಒಳಭಾಗ ಚೆನ್ನಾಗಿದೆ ಎಂದೇ ನನ್ನ ನಂಬಿಕೆ, ಏಕೆಂದರೆ ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್‌ಗಳ ಸದ್ದು ಸ್ವಲ್ಪವೂ ಇಲ್ಲ. ಮೂರು ವರ್ಷದಿಂದ ಟ್ಯಾಪೆಟ್ ಮುಟ್ಟುವ ಅಗತ್ಯವೇ ಬಂದಿಲ್ಲ.

ಮೇಸ್ತ್ರಿ: ನಿಮ್ಮ ಕೊನೆಯ ವಾಕ್ಯವೇ ನನಗೆ ಚಿಂತೆ ತಂದಿದೆ. ಈ ಇಂಜಿನ್ನಿನಲ್ಲಿ ಟ್ಯಾಪೆಟ್ ಸಣ್ಣಗೆ ಟಿಕಟಿಕ ಎನ್ನಲೇಬೇಕು. ಪೂರ್ತಿ ಮೌನವಾದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್ ಮುಚ್ಚಿಹೋಗಿದೆ ಎಂದು ಅನುಮಾನಿಸಬೇಕು. ಇನ್ನೇನನ್ನೂ ಕೊಳ್ಳಬೇಡಿ. ಇಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆದು ಎರಡೂ ಅಂಕಿಗಳನ್ನು ಇಲ್ಲಿ ಬರೆಯಿರಿ.

ಫಿಯಟ್ 1968, ದಾವಣಗೆರೆ: ನನ್ನ ಗಾಡಿ ಬೇಸಿಗೆಯ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ನಿಂತುಬಿಡುತ್ತದೆ, ಅರ್ಧ ಗಂಟೆಯ ನಂತರ ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ಕಾರಣವೇನಿರಬಹುದು?

ಅಂಬಾಸಿಡರ್, ಮಂಡ್ಯ: ಲೆಸ್ಟರಿನವರಿಗೆ ಒಂದು ಸುಲಭದ ಪರಿಹಾರವಿದೆ. ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಬೇಕು. ಓಡುತ್ತಿರುವ ಇಂಜಿನ್ನಿನ ಕಾರ್ಬ್ಯುರೇಟರ್ ಬಾಯಿಗೆ ಒಂದು ಲೋಟ ನೀರು ಹೊಯ್ದರೆ ಒಳಗಿನ ಕಾರ್ಬನ್ ಪೂರ್ತಿ ಕಿತ್ತು ಬರುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ.

ಮೇಸ್ತ್ರಿ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ನುಸಿಗುಳಿಗೆಯಿಂದ ಮಿಸ್ಸಿಂಗ್ ಹೋಗುವುದಿಲ್ಲ. ಪೆಟ್ರೋಲ್ ಆರಿದ ಜಾಗದಲ್ಲಿ ಅದು ಹರಳುಗಟ್ಟಿ ಜೆಟ್ಟಿಗೆ ಅಂಟುತ್ತದೆ. ನೀರನ್ನು ಅದುಮಲು ಪಿಸ್ಟನ್ನಿನಿಂದ ಆಗುವುದಿಲ್ಲ. ಲೋಟದ ನೀರು ಒಮ್ಮೆಗೇ ಒಂದು ಸಿಲಿಂಡರಿಗೆ ಇಳಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಬಾಗಿದ ರಾಡುಗಳನ್ನು ನಾನು ಕೈಯಾರೆ ಹೊರತೆಗೆದಿದ್ದೇನೆ.

ಎಂಜಿ ಮಿಡ್ಜೆಟ್, ಪುಣೆ: ನನ್ನದೂ ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಯಾವ ಕಂಪನಿಯ ಪ್ಲಗ್ ಹಾಕಲಿ?

ಮೇಸ್ತ್ರಿ: ಕಂಪ್ರೆಶನ್ ಅಳೆದು ಬನ್ನಿ.

ಹೆರಾಲ್ಡ್, ಬೆಂಗಳೂರು: ನನ್ನ ಅನುಭವದಲ್ಲಿ ಇಂತಹ ಮಿಸ್ಸಿಂಗ್‌ಗೆಲ್ಲ ಪ್ಲಗ್‌ಗಳಿಗೆ ಕಿಡಿ ಹಂಚುವ ಡೆಲ್ಕೋದೊಳಗಿನ ಪಾಯಿಂಟೇ ಮೂಲ. ಅದನ್ನು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿದರೆ ಸಮಸ್ಯೆ ಮುಗಿಯುತ್ತದೆ.

ಅಂಬಾಸಿಡರ್, ಹುಬ್ಬಳ್ಳಿ: ಪಾಯಿಂಟ್ ಕೆಟ್ಟರೆ ರಸ್ತೆಯ ಬದಿಯಲ್ಲೇ ಉಜ್ಜಿ, 0.38 ಮಿ.ಮೀ. ಗ್ಯಾಪ್ ಕೊಟ್ಟು ಮನೆ ಸೇರಬಹುದು. ನಿಮ್ಮ ಎಲೆಕ್ಟ್ರಾನಿಕ್ ಡಬ್ಬಿ ಕೆಟ್ಟರೆ ಟೋ ಮಾಡಿಸುವುದೊಂದೇ ದಾರಿ.

ಹೆರಾಲ್ಡ್, ಬೆಂಗಳೂರು: ನನ್ನ ಡಬ್ಬಿ ಎಂಟು ವರ್ಷದಿಂದ ಕೆಟ್ಟಿಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಕಂಡೆನ್ಸರ್‌ಗಳ ಗುಣಮಟ್ಟ ತಾವು ನೋಡಿದಂತಿಲ್ಲ.

ಅಂಬಾಸಿಡರ್, ಹುಬ್ಬಳ್ಳಿ: ಮೂವತ್ತು ವರ್ಷದಿಂದ ಅದೇ ಗಾಡಿಯನ್ನು ಓಡಿಸುತ್ತಿರುವ ನನಗೆ ಕಂಡೆನ್ಸರ್ ಬಗ್ಗೆ ಪಾಠ ಬೇಡ.

ಎಂಜಿಬಿ 1972, ಲೆಸ್ಟರ್: ಅಂಕಿಗಳು ಹೀಗಿವೆ. 1ನೇ ಸಿಲಿಂಡರ್ ಚದರ ಇಂಚಿಗೆ 150 ಪೌಂಡ್, 2ನೆಯದು 85, 3ನೆಯದು 140, 4ನೆಯದು 150. ಎರಡನೆಯದಕ್ಕೆ ಆಯಿಲ್ ಬಿಟ್ಟ ಮೇಲೆ 88 ಬಂದಿದೆ.

ಮೇಸ್ತ್ರಿ: ಈ ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಬಿಟ್ಟೊಡನೆ ಒತ್ತಡ ಚೆನ್ನಾಗಿ ಏರಬೇಕಿತ್ತು, ಏರಿಲ್ಲ. 2 ಮತ್ತು 3ರ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿದ್ದರೆ ಅಕ್ಕಪಕ್ಕದ ಎರಡೂ ಸಿಲಿಂಡರ್ ಒಟ್ಟಿಗೆ ಕುಸಿಯಬೇಕಿತ್ತು, ಕುಸಿದಿರುವುದು ಒಂದೇ. ಉಳಿಯುವುದು ವಾಲ್ವ್. ಅದರಲ್ಲೂ 2ನೆಯದರ, ಉರಿದ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಮೇಲೆ ನನ್ನ ಕಣ್ಣಿದೆ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಈ ಹೆಡ್ಡಿನಲ್ಲಿ 2 ಮತ್ತು 3ರ ಎಕ್ಸಾಸ್ಟ್ ವಾಲ್ವುಗಳು ಒಂದರ ಪಕ್ಕ ಒಂದು ಕುಳಿತು ಒಂದೇ ಕಿಂಡಿಯಿಂದ ಬೆಂಕಿಯನ್ನು ಹೊರಗೆ ಕಳುಹಿಸುತ್ತವೆ. ಇಡೀ ಹೆಡ್ಡಿನಲ್ಲಿ ಅಷ್ಟು ಕಾಯುವ ಜಾಗ ಇನ್ನೊಂದಿಲ್ಲ.

ಇದಕ್ಕೆ ಮೂಲ ಪೆಟ್ರೋಲಿನಲ್ಲಿದೆ. ಈ ಇಂಜಿನ್ ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು, ಆ ಸೀಸವು ವಾಲ್ವ್ ಮುಚ್ಚಿದಾಗ ಕೂರುವ ಎರಕದ ಕಬ್ಬಿಣದ ಸೀಟಿನ ಮೇಲೆ ತೆಳುವಾದ ಪದರವಾಗಿ ಕುಳಿತು ಸವೆತವನ್ನು ತಡೆಯುತ್ತಿತ್ತು. 2000ನೇ ಇಸವಿಯ ಆರಂಭದಲ್ಲಿ ನಿಮ್ಮಲ್ಲೂ ನಮ್ಮಲ್ಲೂ ಸೀಸದ ಪೆಟ್ರೋಲ್ ನಿಂತಿತು. ಅಂದಿನಿಂದ ಗಟ್ಟಿ ಸೀಟ್ ಹಾಕಿಸದ ಹೆಡ್ಡುಗಳಲ್ಲಿ, ವಿಶೇಷವಾಗಿ ಹೆಚ್ಚು ವೇಗದಲ್ಲಿ ಬಹಳ ಹೊತ್ತು ಓಡುವ ಗಾಡಿಗಳಲ್ಲಿ, ವಾಲ್ವ್ ತನ್ನ ಸೀಟನ್ನೇ ತಿನ್ನುತ್ತ ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ. ಅದು ಹೂತಷ್ಟೂ ಅದರ ಕಾಂಡ ರಾಕರ್ ಕಡೆಗೆ ಏರಿ ಗ್ಯಾಪ್ ಮುಚ್ಚುತ್ತದೆ. ತಣ್ಣಗಿರುವಾಗ ಹೇಗೋ ಮುಚ್ಚಿಕೊಳ್ಳುವ ವಾಲ್ವ್ ಬಿಸಿಯಾಗಿ ಉದ್ದವಾದ ಮೇಲೆ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ನಿಮ್ಮ ಮೊದಲ ಹತ್ತು ನಿಮಿಷದ ಸುಖಕ್ಕೂ ನಂತರದ ನಡುಕಕ್ಕೂ ಇದೇ ಕಾರಣವೆಂದು ನನ್ನ ಅಂದಾಜು. ವೇಗ ಹೆಚ್ಚಿದಾಗ ಸೋರಲು ಸಮಯ ಸಾಲದು, ಆದ್ದರಿಂದ ನಡುಕ ಅಡಗುತ್ತದೆ.

ಇಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ ಗ್ಯಾಪ್ ಅಳೆಯಿರಿ. ರೇಡಿಯೇಟರ್ ಕಡೆಯಿಂದ ಎಣಿಸಿದರೆ ನಾಲ್ಕನೆಯ ವಾಲ್ವ್ ನಮಗೆ ಬೇಕಾದದ್ದು. ಐದನೆಯದು ಪೂರ್ತಿ ಕೆಳಗೆ ಒತ್ತಿರುವಾಗ ನಾಲ್ಕನೆಯದನ್ನು ಅಳೆಯಬೇಕು. ಒತ್ತಿರುವ ವಾಲ್ವ್ ಮತ್ತು ಅಳೆಯುವ ವಾಲ್ವುಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ ಒಂಬತ್ತು ಬರಬೇಕೆಂಬುದು ನಮ್ಮ ಲೆಕ್ಕ. ಇರಬೇಕಾದ ಗ್ಯಾಪ್ 0.38 ಮಿ.ಮೀ. ಜೊತೆಗೆ, ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸೈಲೆನ್ಸರ್ ಬಾಯಿಯ ಹತ್ತಿರ ಒಂದು ಕಾಗದ ಹಿಡಿಯಿರಿ. ಎಕ್ಸಾಸ್ಟ್ ವಾಲ್ವ್ ಕೂರದಿದ್ದರೆ ಕಾಗದವು ಆಗಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಸನ್‌ಬೀಮ್, ಚೆನ್ನೈ: ಕಾರ್ಬ್ಯುರೇಟರ್ ಬುಡದಲ್ಲಿ ಏರ್ ಲೀಕ್ ಇರಬಾರದೇಕೆ? ಬಿಸಿ ಇಂಜಿನ್ನಿನ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ನೋಡಿದರೆ ಗೊತ್ತಾಗುತ್ತದೆ ಎಂದು ಒಂದು ವಿಡಿಯೋದಲ್ಲಿದೆ.

ಮೇಸ್ತ್ರಿ: ಏರ್ ಲೀಕ್ ಇದ್ದರೆ ಕಂಪ್ರೆಶನ್ 85ಕ್ಕೆ ಇಳಿಯುವುದಿಲ್ಲ. ಎಂಜಿಬಿಯಲ್ಲಿ ಕಾರ್ಬ್ಯುರೇಟರ್‌ಗಳೂ ಎಕ್ಸಾಸ್ಟ್ ಪೈಪೂ ಇಂಜಿನ್ನಿನ ಒಂದೇ ಬದಿಗಿವೆ. ಕಾದ ಪೈಪಿನ ಮೇಲೆ ಆ ಸ್ಪ್ರೇ ಬಿದ್ದರೆ ಗಾಡಿ ಹೊತ್ತಿಕೊಳ್ಳುತ್ತದೆ. ವಿಡಿಯೋ ಮಾಡಿದವರು ಬಂದು ಆರಿಸುವುದಿಲ್ಲ.

ಎಂಜಿ ಮಿಡ್ಜೆಟ್, ಪುಣೆ: ಪ್ಲಗ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮೇಸ್ತ್ರಿ: ಬಂದಿದೆ. ಮೇಲೆ ಓದಿ.

ಹೆರಾಲ್ಡ್, ಬೆಂಗಳೂರು: ಹುಬ್ಬಳ್ಳಿಯವರು ಹೇಳುವ 0.38 ಮಿ.ಮೀ. ಎಲ್ಲ ಡೆಲ್ಕೋಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು.

ಅಂಬಾಸಿಡರ್, ಹುಬ್ಬಳ್ಳಿ: ನಾನು ನನ್ನ ಗಾಡಿಯ ಬಗ್ಗೆ ಹೇಳಿದ್ದು. ಓದಲು ಬರುವವರಿಗೆ ಅದು ಅರ್ಥವಾಗುತ್ತದೆ.

ನಿರ್ವಾಹಕ: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು. ಇಗ್ನಿಶನ್ ಚರ್ಚೆಯ ಮುಂದಿನ ಬರಹಗಳನ್ನು ತೆಗೆದುಹಾಕಲಾಗುವುದು.

ಎಂಜಿಬಿ 1972, ಲೆಸ್ಟರ್: ಇಂದು ಬೆಳಿಗ್ಗೆ ಅಳೆದೆ. ನಾಲ್ಕನೆಯ ವಾಲ್ವಿನಲ್ಲಿ ಅತಿ ತೆಳುವಾದ ಫೀಲರ್ ಗೇಜ್ ಎಲೆಯೂ ಹೋಗಲಿಲ್ಲ. ಐದನೆಯದರಲ್ಲಿ 0.15 ಮಿ.ಮೀ. ಇದೆ, ಉಳಿದವು 0.30ರ ಮೇಲಿವೆ. ಎಲ್ಲವನ್ನೂ 0.38ಕ್ಕೆ ಸರಿಪಡಿಸಿ, ಇಂಜಿನ್ ಬಿಸಿ ಮಾಡಿ ಮತ್ತೆ ಅಳೆದಾಗ 2ನೇ ಸಿಲಿಂಡರ್ 105 ತೋರಿಸಿತು. ಕಾಗದ ಈಗಲೂ ಒಳಕ್ಕೆ ಸೆಳೆಯುತ್ತಿದೆ. ಸೀಸದ ಬದಲಿಗೆ ಮಾರುವ ದ್ರಾವಣವನ್ನು ಪೆಟ್ರೋಲಿಗೆ ಬೆರೆಸಿಕೊಂಡು ಬೇಸಿಗೆ ಮುಗಿಯುವವರೆಗೆ ಓಡಿಸಬಹುದೇ?

ಮೇಸ್ತ್ರಿ: ಬೇಡ. ಗ್ಯಾಪ್ ಸರಿಪಡಿಸಿದ ಮೇಲೆ 140ರ ಆಸುಪಾಸಿಗೆ ಬಂದಿದ್ದರೆ ವಾರಕ್ಕೊಮ್ಮೆ ಅಳೆಯುತ್ತ ಓಡಿಸಿ ಎನ್ನುತ್ತಿದ್ದೆ. 105ಕ್ಕೇ ನಿಂತಿದೆ ಎಂದರೆ ವಾಲ್ವಿನ ಅಂಚು ಆಗಲೇ ಸುಟ್ಟಿದೆ. ಆ ದ್ರಾವಣವು ಒಳ್ಳೆಯ ಸೀಟಿನ ಸವೆತವನ್ನು ನಿಧಾನಗೊಳಿಸಬಹುದು, ಸುಟ್ಟುಹೋದ ಲೋಹವನ್ನು ತಿರುಗಿ ತರಲಾರದು. ವಾಲ್ವಿನ ತುಂಡು ಮುರಿದು ಪಿಸ್ಟನ್ ಮೇಲೆ ಬಿದ್ದರೆ ಹೆಡ್ಡಿನ ಜೊತೆಗೆ ಬ್ಲಾಕೂ ಹೋಗುತ್ತದೆ. ಹೆಡ್ ಇಳಿಸಿ, ನಾಲ್ಕೂ ಎಕ್ಸಾಸ್ಟ್‌ಗಳಿಗೆ ಗಟ್ಟಿ ಸೀಟ್ ಕೂರಿಸಿ, ಹೊಸ ಎಕ್ಸಾಸ್ಟ್ ವಾಲ್ವ್ ಹಾಕಿಸಿ. ಒಂದನ್ನೇ ಮಾಡಿಸಿದರೆ ಐದನೆಯದಕ್ಕಾಗಿ ಮತ್ತೆ ಹೆಡ್ ಇಳಿಸಬೇಕಾಗುತ್ತದೆ. ಬಿಚ್ಚಿದ ಮೇಲೆ ಆ ವಾಲ್ವಿನ ಚಿತ್ರವನ್ನು ಇಲ್ಲಿ ಹಾಕಿ, ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲಿರಲಿ.

ಫಿಯಟ್ 1968, ದಾವಣಗೆರೆ: ನಾನು ಎಲ್ಲರಿಗಿಂತ ಮೊದಲೇ ಕೇಳಿದ್ದೆ. ಭಾರತದ ಗಾಡಿಗಳಿಗೆ ಇಲ್ಲಿ ಉತ್ತರವಿಲ್ಲವೇ?

ಎಂಜಿಬಿ 1972, ಲೆಸ್ಟರ್: ಹೆಡ್ ಇಳಿಸಲು ಶನಿವಾರಕ್ಕೆ ಒಪ್ಪಿಸಿದ್ದೇನೆ, ಸರ್. ಚಿತ್ರ ಹಾಕುತ್ತೇನೆ.