ಪಾದದ ನಡುಭಾಗದಲ್ಲಿ ನೋವು: ಎಕ್ಸ್‌-ರೇ ಸರಿಯಿದೆ, ನೋವು ಮಾತ್ರ ಹೋಗಿಲ್ಲ

ಹೊಸ ಓಟಗಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವೇಗದ ನಡಿಗೆಯನ್ನು ಬಿಟ್ಟು ಓಟಕ್ಕೆ ಇಳಿದು ಕೆಲವು ತಿಂಗಳಾಗಿವೆ. ಇತ್ತೀಚೆಗೆ ವಾರದ ಒಟ್ಟು ದೂರವನ್ನು ಹೆಚ್ಚಿಸಿದ್ದೇನೆ, ಅದೇ ಸಮಯಕ್ಕೆ ಶೂ ಕೂಡ ಬದಲಾಗಿದೆ. ಈಗ ಬಲಪಾದದ ಮೇಲ್ಭಾಗದಲ್ಲಿ, ಹಿಮ್ಮಡಿಗೂ ಬೆರಳುಗಳಿಗೂ ನಡುವೆ, ನೋವು ಕಾಣಿಸಿಕೊಂಡಿದೆ. ನಾನು ಬಿದ್ದಿಲ್ಲ, ಕಾಲು ಉಳುಕಿಲ್ಲ. ವೈದ್ಯರು ಎಕ್ಸ್‌-ರೇ ತೆಗೆಸಿ, ಮೂಳೆಯಲ್ಲಿ ಏನೂ ಕಾಣುತ್ತಿಲ್ಲವೆಂದು ಹೇಳಿ, ನೋವಿನ ಮಾತ್ರೆ ಬರೆದುಕೊಟ್ಟಿದ್ದಾರೆ; ಕಡಿಮೆಯಾಗದಿದ್ದರೆ ಮತ್ತೆ ಬರಲು ತಿಳಿಸಿದ್ದಾರೆ. ಮಾತ್ರೆ ತೆಗೆದುಕೊಂಡ ದಿನ ಓಡಲು ತೊಂದರೆಯಾಗುವುದಿಲ್ಲ, ಸಂಜೆಯ ಹೊತ್ತಿಗೆ ಮಾತ್ರ ಪಾದ ಸೆಳೆಯುತ್ತದೆ. ಮೂಳೆ ಸರಿಯಿದೆ ಎಂದ ಮೇಲೆ ಓಟವನ್ನು ಮುಂದುವರಿಸಬಹುದೇ?

ಫಿಸಿಯೋಥೆರಪಿಸ್ಟ್ ಸದಸ್ಯೆ:

ಎಕ್ಸ್‌-ರೇ ಸರಿಯಿದೆ ಎಂಬ ಒಂದೇ ಕಾರಣಕ್ಕೆ ದಯವಿಟ್ಟು ಓಟ ಮುಂದುವರಿಸಬೇಡಿ. ಮೂಳೆ ಮುರಿದು ಜಾಗ ಬಿಟ್ಟು ಸರಿದಿದ್ದರೆ ಎಕ್ಸ್‌-ರೇಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಆದರೆ ಪದೇ ಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಮೂಡುವ ಕೂದಲೆಳೆಯಷ್ಟು ಸಣ್ಣ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್, ಮೊದಲ ಎರಡು ಮೂರು ವಾರ ಎಕ್ಸ್‌-ರೇಗೆ ಸಿಗದಿರುವುದೇ ಹೆಚ್ಚು. ಪಾದದ ನಡುಭಾಗದ ಕೆಲವು ಮೂಳೆಗಳಲ್ಲಂತೂ ಆಮೇಲೂ ಸಿಗದೆ ಹೋಗಬಹುದು. ಮಾತ್ರೆ ನುಂಗಿ ಓಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದ ನೋವನ್ನೇ ಅದು ಮುಚ್ಚಿಬಿಡುತ್ತದೆ.

ಪಾದದ ನಡುಭಾಗದಲ್ಲಿ ಐದು ಚಿಕ್ಕ ಮೂಳೆಗಳಿವೆ. ಒಳಬದಿಯಲ್ಲಿ ನ್ಯಾವಿಕ್ಯುಲರ್, ಅದರ ಮುಂದೆ ಸಾಲಾಗಿ ಮೂರು ಕ್ಯೂನಿಫಾರ್ಮ್, ಹೊರಬದಿಯಲ್ಲಿ ಕ್ಯೂಬಾಯ್ಡ್. ಬೆರಳುಗಳತ್ತ ಸಾಗುವ ಐದು ಉದ್ದನೆಯ ಮೆಟಾಟಾರ್ಸಲ್ ಮೂಳೆಗಳು ಇವುಗಳಿಗೆ ಬಂದು ಕೂಡುತ್ತವೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಕೀಲು, ಸ್ನಾಯುರಜ್ಜು, ನರ ಎಲ್ಲವೂ ಒತ್ತೊತ್ತಾಗಿ ಇರುವುದರಿಂದ, ‘ನಡುವೆ ನೋವು’ ಎಂಬ ವಿವರಣೆಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಹಾಗಾಗಿ ಮೊದಲು ಇವುಗಳಿಗೆ ಉತ್ತರ ಕೊಡಿ: ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಬಲ್ಲಿರೋ ಅಥವಾ ಅಂಗೈಯನ್ನೇ ಇಟ್ಟು ತೋರಿಸಬೇಕೋ? ಲೇಸ್ ಸಡಿಲಿಸಿದರೆ ಏನಾಗುತ್ತದೆ? ಓಡುತ್ತಾ ಹೋದಂತೆ ನೋವು ಇಳಿಯುತ್ತದೆಯೋ, ಏರುತ್ತದೆಯೋ? ಬಲಗಾಲೊಂದರ ಮೇಲೆ ನಿಂತು ಹಿಮ್ಮಡಿಯನ್ನು ಎತ್ತಲು ಸಾಧ್ಯವೇ?

ದೂರದ ಓಟ:

ಲೇಸ್ ವಿಷಯ ಬಂದಿದ್ದರಿಂದ ಒಂದು ಮಾತು. ಪಾದದ ಮೇಲ್ಭಾಗದ ನೋವಿನಲ್ಲಿ ಬಹಳಷ್ಟು ಬಾರಿ ತಪ್ಪು ಶೂವಿನದೇ. ಬೆರಳುಗಳನ್ನು ಮೇಲೆತ್ತುವ ಸ್ನಾಯುರಜ್ಜುಗಳು ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತವೆ; ಬಿಗಿಯಾದ ಲೇಸ್ ಅವುಗಳನ್ನು ಒತ್ತಿ ಉಜ್ಜಿದರೆ ಉರಿಯೂತ ಬರುತ್ತದೆ. ನೋವಿರುವ ಜಾಗಕ್ಕೆ ನೇರವಾಗಿ ಬರುವ ರಂಧ್ರಗಳಲ್ಲಿ ಲೇಸನ್ನು ಅಡ್ಡಲಾಗಿ ದಾಟಿಸದೆ, ಆಯಾ ಬದಿಯಲ್ಲೇ ನೇರವಾಗಿ ಮೇಲಕ್ಕೆ ಒಯ್ದು, ಅದರ ಮುಂದಿನ ರಂಧ್ರದಿಂದ ಮತ್ತೆ ಅಡ್ಡ ಹಾಕಿ. ಹೀಗೆ ಮಾಡಿದರೆ ಒತ್ತಡ ಬೀಳದ ಒಂದು ಕಿಟಕಿ ಉಳಿಯುತ್ತದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಜೋಮು ಹಿಡಿದಂತೆ ಆಗುತ್ತಿದ್ದರೆ ಅಲ್ಲಿನ ನರವೂ ಒತ್ತಿಹೋಗುತ್ತಿದೆ ಎಂದು ತಿಳಿಯಬೇಕು. ಅದಕ್ಕೂ ಮೊದಲ ಉಪಾಯ ಇದೇ.

ಹೊಸ ಓಟಗಾರ:

ಲೇಸ್ ಬದಲಾಯಿಸಿ ನೋಡಿದೆ. ಮೇಲೆಲ್ಲಾ ಹರಡಿದ್ದ ಉರಿ ಬಹುಮಟ್ಟಿಗೆ ಹೋಯಿತು, ಜೋಮು ಇಲ್ಲ. ಆದರೆ ಹರಡಿನ ಮುಂದೆ, ಪಾದದ ಬೆನ್ನಿನ ಮೇಲೆ, ಸ್ವಲ್ಪ ಒಳಬದಿಗೆ ಒಂದು ಜಾಗ ಉಳಿದಿದೆ. ಅದನ್ನು ಒಂದು ಬೆರಳಿನಿಂದ ತೋರಿಸಬಲ್ಲೆ. ಒತ್ತಿದರೆ ಜೀವ ಹೋದಂತಾಗುತ್ತದೆ, ಎಡಪಾದದಲ್ಲಿ ಅದೇ ಜಾಗವನ್ನು ಒತ್ತಿದರೆ ಏನೂ ಆಗುವುದಿಲ್ಲ. ಓಡುತ್ತಾ ಹೋದಂತೆ ನೋವು ಏರುತ್ತದೆ. ಹಿಮ್ಮಡಿ ಎತ್ತಲು ಬರುತ್ತದೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಆಗುವುದಿಲ್ಲ. ಊತ ಇಲ್ಲ.

ಫಿಸಿಯೋಥೆರಪಿಸ್ಟ್ ಸದಸ್ಯೆ:

ನೀವು ಬೆರಳಿಟ್ಟು ತೋರಿಸಿದ್ದು ನ್ಯಾವಿಕ್ಯುಲರ್ ಮೂಳೆಯ ಮೇಲ್ಭಾಗದಂತೆ ಕಾಣುತ್ತದೆ. ಅಲ್ಲಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಲ್ಲಿ ಊತವಾಗಲಿ ಚರ್ಮದ ಬಣ್ಣ ಬದಲಾಗುವುದಾಗಲಿ ಹೆಚ್ಚಾಗಿ ಇರುವುದಿಲ್ಲ. ಒತ್ತಿದರೆ ನೋಯುವ ಒಂದು ಚಿಕ್ಕ ಜಾಗ ಮತ್ತು ಕುಪ್ಪಳಿಸಲಾಗದಿರುವುದು, ಇವೆರಡೇ ಸುಳಿವುಗಳು. ಹೌದೇ ಅಲ್ಲವೇ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಇದನ್ನು ಅನುಮಾನಿಸದೆ ಬಿಡುವುದು ದುಬಾರಿ, ಏಕೆಂದರೆ ಆ ಮೂಳೆಯ ನಡುಭಾಗಕ್ಕೆ ರಕ್ತ ಪೂರೈಕೆ ಕಡಿಮೆಯಿದ್ದು, ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ನಿಧಾನ. ಇಂದಿನಿಂದಲೇ ಓಟ ಮತ್ತು ಜಿಗಿತ ನಿಲ್ಲಿಸಿ. ಮೂಳೆ ತಜ್ಞರನ್ನು ಮತ್ತೆ ಕಂಡು, ಒಂದೇ ಬೆರಳಿನ ಜಾಗದಲ್ಲಿ ನೋವಿದೆ, ಕುಪ್ಪಳಿಸಲು ಆಗುತ್ತಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಎಂಆರ್‌ಐ ಬೇಕೇ ಎಂದು ಕೇಳಿ. ಬಿರುಕು ಬೀಳುವ ಮುಂಚಿನ ಹಂತದಲ್ಲಿ ಮೂಳೆಯೊಳಗೆ ಉಂಟಾಗುವ ಬದಲಾವಣೆಯನ್ನೂ ಎಂಆರ್‌ಐ ತೋರಿಸುತ್ತದೆ. ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಲು ಸಿಟಿ ಸ್ಕ್ಯಾನ್ ಮೇಲು.

ಹಿಮ್ಮಡಿ ಎತ್ತುವುದನ್ನು ನಾನು ಕೇಳಿದ್ದಕ್ಕೆ ಬೇರೆ ಕಾರಣವಿತ್ತು. ಹರಡಿನ ಒಳಬದಿಯಿಂದ ಇಳಿದು ಪಾದದ ಕಮಾನನ್ನು ಹಿಡಿದೆತ್ತುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುವಿನ ರಜ್ಜು ಸೋತಿದ್ದರೆ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಲಾಗುವುದಿಲ್ಲ, ಎತ್ತಿದರೂ ನೋವಾಗುತ್ತದೆ, ಕಮಾನು ದಿನೇ ದಿನೇ ಚಪ್ಪಟೆಯಾಗುತ್ತದೆ. ಅದರ ಚಿಕಿತ್ಸೆಯೇ ಬೇರೆ: ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಅಥವಾ ಬ್ರೇಸ್, ಜೊತೆಗೆ ಹಂತಹಂತವಾಗಿ ಭಾರ ಏರಿಸುವ ವ್ಯಾಯಾಮ. ನಿಮ್ಮ ವಿಷಯದಲ್ಲಿ ಅದು ಹೊಂದುವುದಿಲ್ಲ.

ಚಾರಣಪ್ರಿಯ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಅರವತ್ತು ದಾಟಿದೆ. ಅದೇ ಮೇಲ್ಭಾಗದಲ್ಲಿ ಗಟ್ಟಿಯಾದ ಒಂದು ಉಬ್ಬು ಎದ್ದಿದೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತು ಏರು ಹತ್ತುವಾಗ ನೋವು ಹೆಚ್ಚು. ನನಗೂ ಎಂಆರ್‌ಐ ಬೇಕೇ?

ಫಿಸಿಯೋಥೆರಪಿಸ್ಟ್ ಸದಸ್ಯೆ:

ನೀವು ಹೇಳುತ್ತಿರುವುದು ನಡುಪಾದದ ಕೀಲುಸವೆತವನ್ನು ಹೆಚ್ಚು ಹೋಲುತ್ತದೆ. ಕೀಲು ಸವೆದಂತೆ ಅಂಚಿನಲ್ಲಿ ಮೂಳೆ ಬೆಳೆದು ಉಬ್ಬಾಗುತ್ತದೆ, ಶೂ ಅದರ ಮೇಲೆ ಒತ್ತುತ್ತದೆ. ಇದಕ್ಕೆ ನಿಂತುಕೊಂಡು ತೆಗೆಸಿದ ಎಕ್ಸ್‌-ರೇ ಸಾಮಾನ್ಯವಾಗಿ ಸಾಕು. ಕೈಯಲ್ಲಿ ಹಿಡಿದು ಮಡಚಿದರೆ ನಡುವೆ ಬಾಗದಷ್ಟು ಗಟ್ಟಿಯಾದ, ಮುಂಭಾಗ ತೊಟ್ಟಿಲ ಕಾಲಿನಂತೆ ಮೇಲಕ್ಕೆ ಬಾಗಿದ ಅಡಿಯ ಶೂ ಅತ್ಯಂತ ಉಪಯುಕ್ತ, ಏಕೆಂದರೆ ಅದು ಹೆಜ್ಜೆ ಹಾಕುವಾಗ ಸವೆದ ಕೀಲು ಬಾಗುವುದನ್ನೇ ತಗ್ಗಿಸುತ್ತದೆ. ಮೀನಖಂಡ ಬಿಗಿಯಾಗಿದ್ದರೆ ಅದನ್ನು ಎಳೆದು ಸಡಿಲಿಸುವ ವ್ಯಾಯಾಮ, ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ತೂಕ ಹೆಚ್ಚಿದ್ದರೆ ಇಳಿಸುವುದು, ಇವು ಮುಂದಿನವು. ಸ್ಟೀರಾಯ್ಡ್ ಚುಚ್ಚುಮದ್ದಿನ ಪರಿಹಾರ ತಾತ್ಕಾಲಿಕ. ಯಾವುದೂ ನಾಟದಿದ್ದಾಗ ಮಾತ್ರ ಆ ಕೀಲುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಇಲ್ಲಿ ಓದುತ್ತಿರುವ ಇತರರಿಗಾಗಿ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ, ಇವು ಕಾಯುವಂಥವಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಲ್ಲಿ ಪಾದ ಇದ್ದಕ್ಕಿದ್ದಂತೆ ಊದಿಕೊಂಡು, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾದರೆ, ನೋವು ಅಷ್ಟಾಗಿ ಇಲ್ಲದಿದ್ದರೂ, ಅದು ಶಾರ್ಕೋ ಪಾದವಾಗಿರಬಹುದು. ನಡೆದಷ್ಟೂ ಮೂಳೆಗಳು ಕುಸಿಯುತ್ತವೆ, ಆದ್ದರಿಂದ ಕಾಲಿನ ಮೇಲೆ ಭಾರ ಹಾಕದೆ ಅಂದೇ ವೈದ್ಯರನ್ನು ಕಾಣಬೇಕು. ಎರಡನೆಯದು, ಪಾದ ತಿರುಚಿದ ಅಥವಾ ಮುಂಗಾಲಿನ ಮೇಲೆ ಬಿದ್ದ ನಂತರ ಅಂಗಾಲಿನ ನಡುವೆ ನೀಲಿಗಟ್ಟಿದರೆ ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಬೇಡಿ. ಅದು ಲಿಸ್‌ಫ್ರಾಂಕ್ ಗಾಯ ಇರಬಹುದು, ಅಂದರೆ ಮೆಟಾಟಾರ್ಸಲ್‌ಗಳ ಬುಡವನ್ನು ಹಿಡಿದಿಡುವ ಅಸ್ಥಿರಜ್ಜು ಹರಿದಿರಬಹುದು. ಮಲಗಿ ತೆಗೆಸಿದ ಎಕ್ಸ್‌-ರೇಯಲ್ಲಿ ಮೂಳೆಗಳು ಸರಿಯಾದ ಜಾಗದಲ್ಲೇ ಕಂಡು, ಭಾರ ಬಿದ್ದಾಗ ಮಾತ್ರ ನಡುವಿನ ಅಂತರ ತೆರೆದುಕೊಳ್ಳಬಹುದು. ಹಾಗಾಗಿ ಎರಡೂ ಪಾದಗಳ ಎಕ್ಸ್‌-ರೇಯನ್ನು ನಿಂತ ಸ್ಥಿತಿಯಲ್ಲಿ ತೆಗೆಸಿ ಹೋಲಿಸುತ್ತಾರೆ. ಅಂತರ ತೆರೆದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಹೆಚ್ಚು.

ಹೊಸ ಓಟಗಾರ:

ಎಂಆರ್‌ಐ ಆಯಿತು. ನ್ಯಾವಿಕ್ಯುಲರ್‌ನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಇದೆ, ಮೂಳೆ ಜಾಗ ಬಿಟ್ಟು ಸರಿದಿಲ್ಲ, ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ ಎಂದಿದ್ದಾರೆ. ಪಾದ ಅಲುಗದಂತೆ ಹಿಡಿಯುವ ವೈದ್ಯಕೀಯ ಬೂಟ್ ಹಾಕಿ, 6 ವಾರ ಆ ಕಾಲನ್ನು ನೆಲಕ್ಕೆ ಊರಲೇಬಾರದೆಂದು ಊರುಗೋಲು ಕೊಟ್ಟಿದ್ದಾರೆ. ನೋವು ಈಗಲೇ ಕಡಿಮೆಯಿದೆ. ಬೂಟ್ ಇರುವಾಗ ಮನೆಯೊಳಗಾದರೂ ನಿಧಾನವಾಗಿ ನಡೆದಾಡಬಾರದೇ?

ಫಿಸಿಯೋಥೆರಪಿಸ್ಟ್ ಸದಸ್ಯೆ:

ಬೇಡ. ಮೆಟಾಟಾರ್ಸಲ್ ಮೂಳೆಗಳ ಬಿರುಕಿನಲ್ಲಿ ಬೂಟ್ ಹಾಕಿ ನಡೆಯಲು ಬಿಡುವುದುಂಟು, ಅವುಗಳಲ್ಲಿ ಹೆಚ್ಚಿನವು ಹಾಗೆಯೇ ಕೂಡಿಕೊಳ್ಳುತ್ತವೆ. ನ್ಯಾವಿಕ್ಯುಲರ್‌ನಲ್ಲಿ ಭಾರ ಹಾಕದೆ 6ರಿಂದ 8 ವಾರ ಕಳೆಯುವುದೇ ಚಿಕಿತ್ಸೆಯ ತಿರುಳು. ನಡೆದಾಡುತ್ತಾ ವಿಶ್ರಾಂತಿ ಪಡೆದವರಲ್ಲಿ ಬಿರುಕು ಕೂಡದೆ ಉಳಿಯುವ ಸಂಭವ ಹೆಚ್ಚು, ಆಗ ತಿರುಪು ಹಾಕಿಸಿಕೊಳ್ಳಬೇಕಾಗುತ್ತದೆ. ನೋವು ಇಳಿದಿರುವುದು ಭಾರ ಇಳಿದಿರುವುದರಿಂದ, ಮೂಳೆ ಕೂಡಿರುವುದರಿಂದಲ್ಲ.

ಅವಧಿ ಮುಗಿದ ಮೇಲೆ ವೈದ್ಯರು ಅದೇ ಜಾಗವನ್ನು ಒತ್ತಿ ನೋಡುತ್ತಾರೆ. ನೋವಿದ್ದರೆ ಇನ್ನಷ್ಟು ವಾರ ಮುಂದುವರಿಯಬಹುದು. ಆಮೇಲೆ ನಡಿಗೆ, ಮೀನಖಂಡ ಮತ್ತು ಪಾದದ ಸ್ನಾಯುಗಳ ಬಲವರ್ಧನೆ, ಕೊನೆಗೆ ನಡಿಗೆಯ ನಡುನಡುವೆ ಚಿಕ್ಕ ಚಿಕ್ಕ ಓಟ. ಹಳೆಯ ದೂರಕ್ಕೆ ಮರಳಲು ಹಲವು ತಿಂಗಳು ಹಿಡಿಯುವುದು ಸಹಜ. ಈ ನಡುವೆ ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ, ಓಟದ ಶ್ರಮಕ್ಕೆ ತಕ್ಕಷ್ಟು ಆಹಾರ ಸೇವಿಸುತ್ತಿದ್ದಿರೇ ಎಂದೂ ಯೋಚಿಸಿ; ಸಾಲದ ಆಹಾರವೂ ಇಂತಹ ಬಿರುಕಿಗೆ ಒಂದು ಕಾರಣ. ಬೂಟ್‌ನಲ್ಲೇ ನಡೆಯಲು ಅನುಮತಿ ಸಿಕ್ಕಾಗ ಆ ಕಾಲು ಎತ್ತರವಾಗಿ ಸೊಂಟ ಓರೆಯಾಗುತ್ತದೆ, ಆದ್ದರಿಂದ ಎಡಗಾಲಿಗೆ ಅಷ್ಟೇ ದಪ್ಪ ಅಡಿಯ ಶೂ ಒಂದನ್ನು ಈಗಲೇ ಹುಡುಕಿಟ್ಟುಕೊಳ್ಳಿ.